ಪೆನ್ ಇ.ಸಿ. ಮೀಟರ್: ನೀರಿಗೆ ಸೈ, ಚೌಳು ಗದ್ದೆಗೆ ಅರ್ಧ ಕೆಲಸ

ನೀರಿಗೆ ಅದ್ದಿದರೆ ಇ.ಸಿ. (ವಿದ್ಯುತ್ ವಾಹಕತೆ) ಅಳೆದು ಉಪ್ಪಿನ ಮಟ್ಟ ತೋರಿಸುವ ಜೇಬಿನ ಮೀಟರ್ ಇದು. ಸಾವಿರ ರೂಪಾಯಿಯೊಳಗೂ ಸಿಗುತ್ತೆ. ಕೊಳ್ಳುವಾಗ ಎ.ಟಿ.ಸಿ. (ನೀರಿನ ಬಿಸಿಗೆ ತಕ್ಕಂತೆ ಅಂಕಿಯನ್ನು ತಾನೇ ಸರಿಪಡಿಸುವ ಸೌಲಭ್ಯ) ಇದೆಯಾ ನೋಡಿ. ಅದಿಲ್ಲದಿದ್ದರೆ 25 ಡಿಗ್ರಿಗಿಂತ ಪ್ರತಿ ಡಿಗ್ರಿ ಬಿಸಿಗೂ ಅಂಕಿ ಸುಮಾರು 2% ಏರುತ್ತೆ. ಮಂಡ್ಯದ ಬೇಸಿಗೆಯಲ್ಲಿ ಅದು ಸಣ್ಣ ತಪ್ಪಲ್ಲ.

ಮೊದಲು 1413 ಮೈಕ್ರೊಸೀಮೆನ್ಸ್ (ಇ.ಸಿ. ಅಳೆಯುವ ಮಾನ, ಮುಂದಿನ ಇ.ಸಿ. ಅಂಕಿಗಳೂ ಇದರಲ್ಲೇ) ದ್ರಾವಣಕ್ಕೆ ಹೊಂದಿಸಿ. ದ್ರಾವಣ ಇಲ್ಲದಿದ್ದರೆ 1 ಲೀಟರ್ ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಅಡುಗೆ ಉಪ್ಪು ಹಾಕಿ ಕರಗಿಸಿ. ಸುಮಾರು 2000 ಬಂದರೆ ಮೀಟರ್ ನೆಟ್ಟಗಿದೆ. ಪಿ.ಪಿ.ಎಂ. (ಹತ್ತು ಲಕ್ಷ ಪಾಲಿನಲ್ಲಿ ಉಪ್ಪು ಎಷ್ಟು ಪಾಲು) ಅಂಕಿ ನಂಬಬೇಡಿ. ಒಂದು ಮೀಟರ್ ಇ.ಸಿ.ಯನ್ನು 0.5ರಿಂದ ಗುಣಿಸಿದರೆ ಇನ್ನೊಂದು 0.7ರಿಂದ ಗುಣಿಸುತ್ತೆ. ಬೋರಿನ ನೀರು 700ರೊಳಗಿದ್ದರೆ ಚಿಂತೆಯಿಲ್ಲ, 3000 ದಾಟಿದರೆ ಒಟ್ಲು ಪಾತಿಗೆ ಬಿಡಬೇಡಿ.

ಮಣ್ಣಿಗಾದರೆ ಬೀಜ ಕೂರುವ ಮೇಲಿನ 5 ಸೆಂ.ಮೀ. ಪದರವನ್ನೇ ತೆಗೀಬೇಕು, ಬಿಸಿಲಿಗೆ ಉಪ್ಪು ಮೇಲೆದ್ದು ನಿಲ್ಲೋದು ಅಲ್ಲೇ. ಒಣಗಿಸಿ ಪುಡಿ ಮಾಡಿದ 50 ಗ್ರಾಂ ಮಣ್ಣಿಗೆ 100 ಮಿ.ಲೀ. ಡಿಸ್ಟಿಲ್ಡ್ ನೀರು ಹಾಕಿ, ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ಮೇಲೆ ಅದ್ದಿ. ಬಂದ ಅಂಕಿಯನ್ನು ನೇರವಾಗಿ ಯಾವ ಬೆಳೆ ಎಷ್ಟು ಉಪ್ಪು ತಡೆಯುತ್ತೆ ಅನ್ನೋ ಪಟ್ಟಿಗೆ ಹೋಲಿಸಿದರೆ ಕೆಟ್ಟಿರಿ! ಪಟ್ಟಿಯಲ್ಲಿರೋದು ನೀರು ಕುಡಿದು ಕೆಸರಾದ ಮಣ್ಣಿನ ಲೆಕ್ಕ. ಎರೆಮಣ್ಣಾದರೆ ಸುಮಾರು 3ರಿಂದ ಗುಣಿಸಿ, ಮರಳು ಬೆರೆತ ಕೆಂಪು ಮಣ್ಣಿಗೆ ಇನ್ನೂ ಹೆಚ್ಚು. ಆ ಲೆಕ್ಕದಲ್ಲಿ ಬೀನ್ಸ್ 1000, ಕಬ್ಬು 1700, ಭತ್ತ 3000 ದಾಟಿದರೆ ಇಳುವರಿ ಇಳಿಯೋಕೆ ಶುರು.

ಉಪ್ಪು ಜಾಸ್ತಿಯಾದಷ್ಟೂ ಬೀಜ ನೀರು ಎಳೆದುಕೊಳ್ಳೋದು ಕಷ್ಟ. ಮೊಳಕೆ ತಡವಾಗುತ್ತೆ, ಅಷ್ಟರಲ್ಲಿ ಬೀಜ ಕೊಳೆಯುತ್ತೆ. ಬೀನ್ಸ್, ತರಕಾರಿ ಬೀಜವನ್ನು ದಿಂಡಿನ ನೆತ್ತಿ ಬಿಟ್ಟು ಪಕ್ಕೆಗೆ ಊರೋದು ಇದಕ್ಕೇ, ಉಪ್ಪು ಕಟ್ಟೋದು ನೆತ್ತಿಯಲ್ಲಿ. ಭತ್ತದ ಚಾಳಿ ಬೇರೆ. ಮೊಳೆಯುವಾಗ ತಡೆದುಕೊಂಡು, ಎರಡು-ಮೂರು ಎಲೆ ಬಂದಾಗ ಸೊರಗುತ್ತೆ. ಹಾಗಾಗಿ ಮೊಳಕೆ ಚೆನ್ನಾಗಿ ಬಂತು ಅಂತ ಗದ್ದೆಗೆ ಪಾಸ್ ಕೊಡಬೇಡಿ.

ಪೆನ್ ಸೋಲೋದು ಕ್ಷಾರ ಮಣ್ಣಲ್ಲಿ. ಊರಲ್ಲಿ ಉಪ್ಪಿನ ಮಣ್ಣು, ಕ್ಷಾರ ಮಣ್ಣು ಎರಡಕ್ಕೂ ಚೌಳು ಅಂತಲೇ ಹೆಸರು. ಕ್ಷಾರ ಮಣ್ಣಲ್ಲಿ ಸೋಡಿಯಂ ಜಾಸ್ತಿ, ಪಿ.ಎಚ್. (ಹುಳಿ-ಕ್ಷಾರದ ಅಳತೆ) 8.5ರ ಮೇಲೆ, ಆದರೆ ಮೀಟರಿನ ಅಂಕಿ ಕಡಿಮೆಯೇ ಇರಬಹುದು. ಬೀಜ ಮೊಳೆತರೂ ಸಿಮೆಂಟಿನಂತೆ ಗಟ್ಟಿಯಾದ ಹೆಪ್ಪು ಒಡೆದು ಮೇಲೆ ಬರಲ್ಲ. ಅಳೆಯೋಕೆ ಇಟ್ಟ ಲೋಟವೇ ಸುಳಿವು ಕೊಡುತ್ತೆ: ನೀರು ಮರುದಿನವೂ ಟೀ ಥರ ಕದಡೇ ಇದ್ದರೆ ಅನುಮಾನ ಪಡಿ, ಮಣ್ಣು ಪರೀಕ್ಷೆಗೆ ಕಳಿಸಿ ಪಿ.ಎಚ್. ಮತ್ತು ಹಾಕಬೇಕಾದ ಜಿಪ್ಸಂ ಪ್ರಮಾಣ ಕೇಳಿ. ಬರೀ ಉಪ್ಪಾದರೆ, ಬಸಿಗಾಲುವೆ ಇದ್ದಲ್ಲಿ ನಾಲೆ ನೀರು ಕಟ್ಟಿ ತೊಳೆದು ಬಿಟ್ಟರೆ ಸಾಕು. ಕ್ಷಾರ ಮಣ್ಣನ್ನು ಜಿಪ್ಸಂ ಹಾಕದೆ ತೊಳೆದರೆ ಇನ್ನೂ ಬಿಗಿಯುತ್ತೆ.

ನೀರು ನೋಡೋಕೆ 5ಕ್ಕೆ 4, ಮಣ್ಣಿಗೆ 2. ಬಳಸಿದ ಮೇಲೆ ತುದಿಯನ್ನು ಡಿಸ್ಟಿಲ್ಡ್ ನೀರಲ್ಲಿ ತೊಳೆದಿಡಿ, ಉಪ್ಪು ಒಣಗಿ ಹತ್ತಿಕೊಂಡರೆ ಮುಂದಿನ ಅಂಕಿಯೆಲ್ಲ ಸುಳ್ಳು.