ಟ್ಯಾಲಿಪ್ರೈಮ್‌ನ ರೇಷಿಯೋ ಅನಾಲಿಸಿಸ್: ಕ್ಯಾಶ್ ರೇಷಿಯೋ ಬೇಕಾದವರಿಗೆ ಎಷ್ಟು ಉಪಯೋಗ?

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಣ್ಣ ಕಾರ್ಖಾನೆ ನಡೆಸುವ ಬಹಳ ಜನರ ಲೆಕ್ಕ ಇರುವುದು ಬೆಂಗಳೂರಿನದೇ ಸಾಫ್ಟ್‌ವೇರ್ ಆದ ಟ್ಯಾಲಿಯಲ್ಲಿ. 2020ರಲ್ಲಿ ಬಂದ ಟ್ಯಾಲಿಪ್ರೈಮ್‌ನ ಮೊದಲ ಮೆನುವಿನಲ್ಲೇ, ಬ್ಯಾಲೆನ್ಸ್ ಶೀಟಿನ ಪಕ್ಕದಲ್ಲೇ ರೇಷಿಯೋ ಅನಾಲಿಸಿಸ್ ಇದೆ. ಇಲ್ಲಿ ಕೇಳುತ್ತಿರುವುದು ಒಂದೇ: ಕೊಡಬೇಕಾದ ಬಾಕಿಯಲ್ಲಿ ಎಷ್ಟನ್ನು ಇವತ್ತಿನ ದುಡ್ಡಿನಿಂದಲೇ ತೀರಿಸಬಹುದು ಎಂದು ಈ ರಿಪೋರ್ಟ್ ಹೇಳುತ್ತದೆಯೇ?

ನೇರವಾಗಿ ಹೇಳುವುದಿಲ್ಲ. ವರ್ಷದೊಳಗೆ ಕೈಸೇರುವ ಎಲ್ಲ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಹೊಣೆಯಿಂದ (ಕರೆಂಟ್ ಲಯಬಿಲಿಟೀಸ್) ಭಾಗಿಸುವ ಕರೆಂಟ್ ರೇಷಿಯೋ ಇದೆ, ಅದರಲ್ಲಿ ಸ್ಟಾಕ್ ಬಿಟ್ಟು ನೋಡುವ ಕ್ವಿಕ್ ರೇಷಿಯೋ ಇದೆ; ನಗದು ಮತ್ತು ಬ್ಯಾಂಕಿನ ಹಣವನ್ನಷ್ಟೇ ಅದೇ ಹೊಣೆಯಿಂದ ಭಾಗಿಸುವ ಕ್ಯಾಶ್ ರೇಷಿಯೋ ಇಲ್ಲ. ದೊಡ್ಡ ಕಂಪನಿಗೆ ಮಾಲು ಕಳಿಸಿ ಬಿಲ್ಲಿಗೆ ಕಾಯುವ ವೆಂಡರ್‌ಗೆ ಇದು ಸಣ್ಣ ಕೊರತೆಯಲ್ಲ. ಕ್ವಿಕ್ ರೇಷಿಯೋ ಸ್ಟಾಕನ್ನಷ್ಟೇ ಕಳೆಯುತ್ತದೆ. ಬರಬೇಕಾದ ಬಿಲ್ಲುಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ. ಬಾಕಿ ಬಿಲ್ ತೋರಿಸಿ ಯಾರಿಗೂ ಸಂಬಳ ಕೊಡಲಾಗದು.

ಆದರೆ ಬೇಕಾದ ಅಂಕಿಗಳು ಹೆಚ್ಚುಕಡಿಮೆ ಎಲ್ಲವೂ ಅದೇ ಪರದೆಯ ಎಡಗಡೆ ಸಿಗುತ್ತವೆ: ಕ್ಯಾಶ್-ಇನ್-ಹ್ಯಾಂಡ್, ಬ್ಯಾಂಕ್ ಅಕೌಂಟ್ಸ್, ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್ ಸಾಲ), ಜೊತೆಗೆ ಕ್ರೆಡಿಟರ್ಸ್‌ಗೆ, ಅಂದರೆ ನಾವು ಹಣ ಕೊಡಬೇಕಾದವರಿಗೆ, ಇವತ್ತಿನವರೆಗೆ ಗಡುವು ಬಂದಿರುವ ಬಾಕಿ. ಯಾವುದರ ಮೇಲೆ ಎಂಟರ್ ಒತ್ತಿದರೂ ಒಳಗಿನ ಲೆಡ್ಜರ್‌ಗಳವರೆಗೆ, ಅಂದರೆ ಬಿಡಿ ಖಾತೆಗಳವರೆಗೆ, ಹೋಗಬಹುದು. ಈ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ.

ಎಡವುವುದು ಲೆಡ್ಜರ್‌ಗಳನ್ನು ವಿಂಗಡಿಸಿಡುವ ಗ್ರೂಪುಗಳಲ್ಲಿ. ಟ್ಯಾಲಿಯಲ್ಲಿ ಬ್ಯಾಂಕ್ ಓಡಿ ಬರುವುದು ಲೋನ್ಸ್ ಗ್ರೂಪಿನ ಕೆಳಗೆ, ಕರೆಂಟ್ ಲಯಬಿಲಿಟೀಸ್ ಕೆಳಗಲ್ಲ. ಬ್ಯಾಂಕು ಕೇಳಿದ ದಿನವೇ ಕಟ್ಟಬೇಕಾದ ಸಾಲವನ್ನು ಛೇದದಿಂದ ಹೊರಗಿಟ್ಟರೆ ರೇಷಿಯೋ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಕಂಪನಿ ಕಾಯ್ದೆಯ ಷೆಡ್ಯೂಲ್ 3ರಲ್ಲಿ ಕೇಳಿದಾಗ ತೀರಿಸಬೇಕಾದ ಸಾಲವೂ, ದೀರ್ಘಾವಧಿ ಸಾಲದಲ್ಲಿ ಮುಂದಿನ 12 ತಿಂಗಳಲ್ಲಿ ಕಟ್ಟಬೇಕಾದ ಕಂತುಗಳೂ ಅಲ್ಪಾವಧಿ ಸಾಲದ ಸಾಲಿನಲ್ಲೇ ಬರುತ್ತವೆ. ಇವೆರಡನ್ನೂ ಕೈಯಾರೆ ಸೇರಿಸಿಕೊಳ್ಳಬೇಕು.

ಒಂದು ಫ್ಯಾಬ್ರಿಕೇಷನ್ ಘಟಕವನ್ನು ಊಹಿಸಿಕೊಳ್ಳಿ. ನಗದು 60,000, ಬ್ಯಾಂಕಿನಲ್ಲಿ 9,40,000, ಕರೆಂಟ್ ಲಯಬಿಲಿಟೀಸ್ 40 ಲಕ್ಷ. ಪರದೆಯ ಅಂಕಿಯನ್ನೇ ಭಾಗಿಸಿದರೆ 0.25. ಈಗ ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವ ಬ್ಯಾಂಕ್ ರಿಕನ್ಸಿಲಿಯೇಷನ್ ತೆರೆಯಿರಿ. ರಸೀದಿ ಹಾಕಿಯೂ ಡ್ರಾಯರಿನಲ್ಲೇ ಉಳಿದ 2.5 ಲಕ್ಷದ ಚೆಕ್ಕುಗಳು ಬ್ಯಾಂಕಿನಲ್ಲಿ ಜಮೆಯಾಗದ ಮೊತ್ತದಲ್ಲಿ ಕಾಣುತ್ತವೆ, ಕಳೆಯಿರಿ. ಡೆಪಾಸಿಟ್ಸ್ ಗ್ರೂಪಿನಲ್ಲಿ ಮೂರು ತಿಂಗಳ ಅವಧಿಯ 5 ಲಕ್ಷ ಎಫ್‌ಡಿ ಇದೆ, ಅದರಲ್ಲಿ 3 ಲಕ್ಷ ಬ್ಯಾಂಕ್ ಗ್ಯಾರಂಟಿಗೆ ಲೀನ್ ಆಗಿದೆ, ಅಂದರೆ ಬ್ಯಾಂಕು ಅದನ್ನು ಭದ್ರತೆಯಾಗಿ ಹಿಡಿದಿಟ್ಟಿದೆ; ಸೇರಿಸಬೇಕಾದದ್ದು 2 ಲಕ್ಷ ಮಾತ್ರ. ಅಲ್ಲಿಗೆ ಕೈಯಲ್ಲಿರುವುದು 9.5 ಲಕ್ಷ. ಹೊಣೆಯ ಕಡೆ ಓಡಿ 12 ಲಕ್ಷ, ವರ್ಷದೊಳಗಿನ ಕಂತು 8 ಲಕ್ಷ ಸೇರಿ 60 ಲಕ್ಷ. ರೇಷಿಯೋ 0.16. ಒಂದೇ ದಿನದ, ಒಂದೇ ಕಂಪನಿಯ ಲೆಕ್ಕ!

ಓಡಿಯಲ್ಲಿ ಇನ್ನೂ ತೆಗೆಯದ ಮಿತಿಯನ್ನು ನಗದಿಗೆ ಸೇರಿಸುವ ಅಭ್ಯಾಸ ಕೆಲವರಿಗಿದೆ; ಬೇಡ, ಅದು ಇನ್ನೂ ಮಾಡದ ಸಾಲ. ಓಡಿ ಲೆಡ್ಜರನ್ನು ಬ್ಯಾಂಕ್ ಅಕೌಂಟ್ಸ್ ಕೆಳಗೆ ತೆರೆದಿದ್ದರೆ ಅದರ ಕ್ರೆಡಿಟ್ ಬಾಕಿ ಉಳಿದ ಖಾತೆಗಳ ಹಣದ ಜೊತೆ ವಜಾ ಆಗಿ, ಎರಡು ಅಂಕಿಯೂ ತಪ್ಪಾಗುತ್ತವೆ. ಗಿರಾಕಿ ಕೊಟ್ಟ ಅಡ್ವಾನ್ಸ್ ಕೂಡ ನಮಗೆ ಹಣ ಕೊಡಬೇಕಾದವರ ಡೆಟರ್ಸ್ ಗ್ರೂಪಿನಲ್ಲೇ ಕ್ರೆಡಿಟ್ ಆಗಿ ಅಡಗಿರುತ್ತದೆ. ಅದನ್ನೂ ಹುಡುಕಿ ಹೊಣೆಗೆ ಸೇರಿಸಿ.

ಮಾರ್ಚ್ 31ರ ಅಂಕಿ ಒಂದನ್ನೇ ನೆಚ್ಚಿಕೊಳ್ಳಬಾರದು. ತಿಂಗಳ ಕಟ್ಟುಬಾಕಿಗಳ ಗಡುವು ನೋಡಿ: ಮೂಲದಲ್ಲೇ ಹಿಡಿದ ತೆರಿಗೆ (ಟಿಡಿಎಸ್) 7ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ತಿಂಗಳಿಗೊಮ್ಮೆ ಸಲ್ಲಿಸುವವರ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ 20ಕ್ಕೆ. ಆಲ್ಟ್+ಎಫ್2 ಒತ್ತಿ ಅವಧಿಯನ್ನು 6ನೇ ತಾರೀಖಿಗೂ 19ನೇ ತಾರೀಖಿಗೂ ಬದಲಿಸಿ ನೋಡಿದರೆ ಎಲ್ಲಿ ಉಸಿರು ಕಟ್ಟುತ್ತದೆ ಎಂದು ತಿಳಿಯುತ್ತದೆ. ನೋಂದಾಯಿತ ಕಿರು, ಸಣ್ಣ ಪೂರೈಕೆದಾರರಿಗೆ ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನದೊಳಗೆ ಕೊಡಬೇಕು. ಆದ್ದರಿಂದ ಪೇಯಬಲ್ಸ್ ರಿಪೋರ್ಟನ್ನು ಗಡುವಿನ ಪ್ರಕಾರ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಬಿಲ್ ನಮೂದಿಸುವಾಗ ಕ್ರೆಡಿಟ್ ಅವಧಿ ಹಾಕದೇ ಬಿಟ್ಟಿದ್ದರೆ ಆ ರಿಪೋರ್ಟಿನಿಂದ ಪ್ರಯೋಜನವಿಲ್ಲ.

ಎಷ್ಟಿದ್ದರೆ ಸಾಕು? ಎಲ್ಲರಿಗೂ ಒಂದೇ ಅಂಕಿ ಇಲ್ಲ. ದಿನವೂ ಕೌಂಟರಿನಲ್ಲಿ ದುಡ್ಡು ಬೀಳುವ ದರ್ಶಿನಿ ಹೋಟೆಲು 0.16ರಲ್ಲೂ ಆರಾಮಾಗಿ ನಡೆದೀತು. 60 ದಿನಕ್ಕೊಮ್ಮೆ ಪೇಮೆಂಟ್ ಕಾಣುವ ಜಾಬ್‌ವರ್ಕ್ ಘಟಕಕ್ಕೆ ಅದೇ ಅಂಕಿ ಅಪಾಯದ ಗಂಟೆ.

ಟ್ಯಾಲಿಯದೇ ಪ್ರೋಗ್ರಾಮಿಂಗ್ ಭಾಷೆಯಾದ ಟಿಡಿಎಲ್ ಬರೆಯುವವರಿಂದ ಕ್ಯಾಶ್ ರೇಷಿಯೋದ ಪ್ರತ್ಯೇಕ ರಿಪೋರ್ಟ್ ಮಾಡಿಸಬಹುದು. ಆದರೆ ಲೀನ್ ಆದ ಎಫ್‌ಡಿ, ವರ್ಷದೊಳಗಿನ ಕಂತು ಇವನ್ನು ಬೇರೆ ಲೆಡ್ಜರ್ ಮಾಡಿ ಇಡದಿದ್ದರೆ ಆ ರಿಪೋರ್ಟೂ ತಪ್ಪು ಅಂಕಿಯನ್ನೇ ತೋರಿಸುತ್ತದೆ. ಮೊದಲು ಲೆಡ್ಜರ್ ಸರಿಮಾಡಿ, ಆಲ್ಟ್+ಇ ಒತ್ತಿ ಎಕ್ಸೆಲ್‌ಗೆ ತೆಗೆದುಕೊಂಡು ಭಾಗಿಸಿ ನೋಡಿ. ಒಂದೇ ಶಾಖೆಯ ಸಣ್ಣ ಘಟಕಕ್ಕೆ ಅಷ್ಟೇ ಸಾಕು. ನಾಲ್ಕಾರು ಬ್ಯಾಂಕ್ ಖಾತೆ, ಹಲವು ಶಾಖೆ ಇರುವವರು ಮಾತ್ರ ಟಿಡಿಎಲ್‌ಗೆ ದುಡ್ಡು ಹಾಕಿದರೆ ಅರ್ಥವಿದೆ.