ಕಾಪು ದೀಪಸ್ತಂಭದ ಬೆಳಕು ತಿರುಗಿಸಲು ಪಪೈರಸ್ಸೋ, ಲೂವಾವೋ?

1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ಗೇಮಿನೊಳಗೆ ಎಬ್ಬಿಸಿ, ಅದರ ಸುತ್ತ ಬೆಳಕು ತಿರುಗಿಸಬೇಕು ಅಂತಿಟ್ಟುಕೊಳ್ಳಿ. ಸ್ಕೈರಿಮ್ ಗೇಮಿನ ಸ್ಕ್ರಿಪ್ಟ್ ಭಾಷೆ ಪಪೈರಸ್ ಒಂದು ದಾರಿ, ಲುವಾಂಟಿ ಎಂಬ ಬ್ಲಾಕ್ ಗೇಮ್ ಎಂಜಿನ್ನಿನ ಲೂವಾ ಭಾಷೆ ಇನ್ನೊಂದು. ತ್ರಿಜ್ಯವನ್ನು ಸೈನ್, ಕಾಸ್‌ಗಳಿಂದ ಗುಣಿಸುವ ಸೂತ್ರ ಎರಡರಲ್ಲೂ ಒಂದೇ.

ತೊಡಕಿರುವುದು ಕೋನದಲ್ಲಿ. ಪಪೈರಸ್‌ಗೆ ಡಿಗ್ರಿ ಬೇಕು, ಲೂವಾಕ್ಕೆ ರೇಡಿಯನ್. ಪಪೈರಸ್‌ನಲ್ಲಿ 90ರ ಸೈನ್ 1. ಲೂವಾಕ್ಕೆ ಅದೇ 90 ಕೊಟ್ಟರೆ ಸುಮಾರು 0.894 ಬರುತ್ತದೆ. ಎರರ್ ಏನೂ ತೋರಿಸದು, ಬೆಳಕು ಮಾತ್ರ ಎಲ್ಲೆಲ್ಲೋ ಜಿಗಿಯುತ್ತದೆ. ಮೊದಲು ಡಿಗ್ರಿಯನ್ನು ರೇಡಿಯನ್‌ಗೆ ಮ್ಯಾಥ್.ರ‍್ಯಾಡ್‌ನಿಂದ ಬದಲಿಸಿಕೊಳ್ಳಿ.

ದಿಕ್ಕೂ ಬೇರೆ ಬೇರೆ. ಸ್ಕೈರಿಮ್‌ನಲ್ಲಿ ಉತ್ತರವೇ 0, ಕೋನ ಗಡಿಯಾರದ ಮುಳ್ಳಿನಂತೆ ಬೆಳೆಯುತ್ತದೆ. ಹಾಗಾಗಿ ಎಕ್ಸ್‌ಗೆ ಸೈನ್, ವೈಗೆ ಕಾಸ್. ಪಿಯುಸಿ ಪುಸ್ತಕದ್ದಕ್ಕೆ ತಿರುಗುಮುರುಗು. ಲುವಾಂಟಿಯಲ್ಲಿ ವೈ ಎಂದರೆ ಎತ್ತರ. ನೆಲದ ಮೇಲಿರುವುದು ಎಕ್ಸ್ ಮತ್ತು ಜೆಡ್. ಆಟಗಾರ ನೋಡುವ ದಿಕ್ಕಿಗೆ ಎಕ್ಸ್‌ನಲ್ಲಿ ಮೈನಸ್ ಸೈನ್, ಜೆಡ್‌ನಲ್ಲಿ ಕಾಸ್.

ಬೆಳಕು ಕಡಲಲ್ಲಿರುವ ದೋಣಿಯತ್ತಲೇ ತಿರುಗಬೇಕೆಂದರೆ? ಲುವಾಂಟಿಯ ಲೂವಾದಲ್ಲಿ ಎರಡು ಅಂತರಗಳ ಚಿಹ್ನೆ ನೋಡಿ ಸರಿಯಾದ ಕೋನ ಕೊಡುವ ಏಟ್ಯಾನ್2 ಸಿದ್ಧವಾಗಿದೆ. ಪಪೈರಸ್‌ನ ಮ್ಯಾಥ್‌ನಲ್ಲಿ ಬರೀ ಏಟ್ಯಾನ್. ದೋಣಿ ಯಾವ ಪಾದದಲ್ಲಿದೆ (ಕ್ವಾಡ್ರಂಟ್) ಎಂದು ಎಕ್ಸ್, ವೈಗಳ ಚಿಹ್ನೆ ನೋಡಿ ನೀವೇ ತೀರ್ಮಾನಿಸಬೇಕು.

ತ್ರಿಕೋನಮಿತಿ ಕೈಗೆ ಹತ್ತಬೇಕು ಎನ್ನುವವರಿಗೆ ನಾನು ಕಣ್ಣುಮುಚ್ಚಿ ಲುವಾಂಟಿ ಎನ್ನುತ್ತೇನೆ. ಅದು ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಗೇಮಿನ ಪ್ರತಿ ಹೆಜ್ಜೆಗೂ ಓಡುವ ಗ್ಲೋಬಲ್‌ಸ್ಟೆಪ್‌ನಲ್ಲಿ ಬರುವ ಡಿಟೈಮ್ (ಹಿಂದಿನ ಹೆಜ್ಜೆಯಿಂದ ಕಳೆದ ಸಮಯ) ಅನ್ನು ಕೋನದ ವೇಗಕ್ಕೆ ಗುಣಿಸಿ ಕೂಡಿಸುತ್ತಾ ಹೋದರೆ ಬೆಳಕು ನಯವಾಗಿ ಸುತ್ತುತ್ತದೆ. ಪಪೈರಸ್ ಪ್ರತಿ ಫ್ರೇಮಿಗೂ ಓಡಲು ಮಾಡಿದ ಭಾಷೆಯಲ್ಲ. ಸ್ಕೈರಿಮ್ ಈಗಾಗಲೇ ನಿಮ್ಮಲ್ಲಿದ್ದು, ದೀಪಸ್ತಂಭದ ಸುತ್ತ ಒಂದು ಕತೆ ಹೆಣೆಯುವ ಆಸೆಯಿದ್ದರೆ ಅದನ್ನೇ ಹಿಡಿಯಿರಿ.