ನಾಲ್ಕು ತಿಂಗಳು ಬಾಯಿ ಬಿಡದ ಮಗಳು ಮತ್ತು ಕುವೆಂಪುನಗರದ ಒಂದು ಪ್ರೀಸ್ಕೂಲು

ನಮ್ಮ ಮನೇಲಿ ಬರೀ ಕನ್ನಡ. ಮಗಳು ಮೊದಲು ಎರಡು ತಿಂಗಳು ಹೋಗಿದ್ದ ಕಡೆ ಕನ್ನಡ ಮಾತಾಡಿದರೆ ಗದರುತ್ತಿದ್ದರು. ಒಂದಕ್ಕೆ ಹೋಗಬೇಕು ಅಂತ ಹೇಳೋಕೂ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡು ಬರುತ್ತಿದ್ದಳು. ಬಿಡಿಸಿ, ಮೈಸೂರಿನ ಕುವೆಂಪುನಗರದ ಈ ಸಣ್ಣ ಪ್ರೀಸ್ಕೂಲಿಗೆ ಹಾಕಿದೆವು.

ಮೊದಲ ದಿನವೇ ಮಿಸ್ ಹೇಳಿಬಿಟ್ಟರು: "ಕೆಲವು ತಿಂಗಳು ಅವಳು ಇಂಗ್ಲಿಷಲ್ಲಿ ಒಂದು ಮಾತೂ ಆಡದೇ ಇರಬಹುದು. ಮನೇಲಿ ಹೇಳು ಹೇಳು ಅಂತ ಹಿಂದೆ ಬೀಳಬೇಡಿ." ಹೊಸ ಭಾಷೆಗೆ ಬಿದ್ದ ಎಷ್ಟೋ ಮಕ್ಕಳು ಹೀಗೆ ಸುಮ್ನೆ ಕೇಳಿಸಿಕೊಳ್ಳುತ್ತಾ ಇರುತ್ತಾರೆ, ಅದಕ್ಕೆ ಸೈಲೆಂಟ್ ಪೀರಿಯಡ್ ಅಂತಲೇ ಹೆಸರು. ನಮ್ಮವಳದು ನಾಲ್ಕು ತಿಂಗಳು. ಕಟ್ಟಿದ ಫೀಸೆಲ್ಲ ಹೊಳೇಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಒಂದು ಸಂಜೆ ಕಾಫಿ ಹಿಡಿದು ನಿಂತಿದ್ದ ಅಜ್ಜಿಗೆ "ಸಿಟ್ ಡೌನ್" ಅಂದಳು. ಅಜ್ಜಿ ಕೂತರು.

ಅದು ಎಲ್ಲಿಂದ ಬಂತು ಅಂದರೆ, ಕ್ಲಾಸಲ್ಲಿ ಮಿಸ್ "ಜಂಪ್", "ಟಚ್ ಯುವರ್ ನೋಸ್" ಅನ್ನುತ್ತಾ ತಾವೂ ಮಾಡುತ್ತಾರೆ, ಮಕ್ಕಳು ಮಾಡಿದರೆ ಸಾಕು, ಬಾಯಿ ಬಿಡಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ, ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅನ್ನೋ ಭಾಷೆ ಕಲಿಸುವ ವಿಧಾನ ಇದೇ.

ನನಗೆ ಜಾಸ್ತಿ ಹಿಡಿಸಿದ್ದು ಪದಗಳ ಆಯ್ಕೆ. ಐ ಫಾರ್ ಇಗ್ಲೂ, ವೈ ಫಾರ್ ಯಾಕ್ ಅಂತ ಶುರು ಮಾಡುವುದಿಲ್ಲ. ಬಸ್ಸು, ಪೆನ್ನು, ಲೈಟು, ಬ್ಯಾಗು ಎಲ್ಲ ನಮ್ಮ ಮಕ್ಕಳ ಬಾಯಲ್ಲಿ ಆಗಲೇ ಇವೆ ಅಲ್ವಾ? ಕೊನೆಗೊಂದು ಉಕಾರದ ಬಾಲ ಇದೆ ಅಷ್ಟೆ. ಮಗು "ಬಸ್ಸು" ಅಂದರೆ ಮಿಸ್ ಬೆರಳನ್ನೇ ಕತ್ತರಿ ಮಾಡಿ ಬಾಲ ಕತ್ತರಿಸಿ "ಬಸ್" ಅನ್ನುತ್ತಾರೆ, ಮಕ್ಕಳಿಗೆ ಅದೇ ದೊಡ್ಡ ಆಟ. ("ಕಪ್ಪು ಎಲ್ಲಿ?" ಅಂದಾಗ ನಮ್ಮವಳು ಬೋರ್ಡು ತೋರಿಸಿದ್ದಳಂತೆ. ತಪ್ಪೇನಿಲ್ಲ ಬಿಡಿ.) ಅಕ್ಷರದ ಹೆಸರಿಗಿಂತ ಮೊದಲು ಸದ್ದು ಕಲಿಸುತ್ತಾರೆ. ಕನ್ನಡದಲ್ಲಿ ಕ ಅಂದರೆ ಕ. ಇಂಗ್ಲಿಷಲ್ಲಿ "ಸಿ" ಅಂತ ಬಾಯಿಪಾಠ ಮಾಡಿಸಿ ಆಮೇಲೆ "ಕ್ಯಾಟ್" ಅಂದರೆ ಮಗು ಏನು ಮಾಡಬೇಕು? ಕಥೆಯೂ ಅಷ್ಟೆ, ಇವತ್ತು ಕನ್ನಡದಲ್ಲಿ, ನಾಳೆ ಅದೇ ಚಿತ್ರ ಇಟ್ಟುಕೊಂಡು ಇಂಗ್ಲಿಷಲ್ಲಿ.

ಬೇಜಾರಿನ ವಿಷಯವೂ ಇದೆ. ದಸರಾ ರಜೆ ಮುಗಿದಿದ್ದೇ ವರ್ಕ್‌ಶೀಟು ಶುರು. ಪೆನ್ಸಿಲ್ ಸರಿಯಾಗಿ ಹಿಡಿಯಲು ಬಾರದ ಕೈಗೆ ದಿನಾ ಎರಡು ಪುಟ. ಕೇಳಿದರೆ, "ಪೇರೆಂಟ್ಸೇ ಬರವಣಿಗೆ ಎಲ್ಲಿ ಅಂತ ಕೇಳುತ್ತಾರೆ ಮೇಡಂ" ಅಂದರು. ಸುಳ್ಳಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ಕ್ಲಾಸಿನವರೆಗೆ ಮನೆಮಾತಲ್ಲೇ ಪಾಠ ಇರಲಿ ಅನ್ನುತ್ತದೆ, ನಾವು ಗೇಟಲ್ಲೇ ನಿಂತು "ಇಂಗ್ಲಿಷ್ ಮೀಡಿಯಮ್ ತಾನೇ?" ಅನ್ನುತ್ತೇವೆ. ನಾನೂ ಅಂದಿದ್ದೆ. ಇನ್ನು ಇಪ್ಪತ್ತೆಂಟು ಮಕ್ಕಳಿಗೆ ಒಬ್ಬರೇ ಮಿಸ್, ಒಬ್ಬರು ಆಯಾ. ಇದು ಜಾಸ್ತಿಯೇ ಆಯಿತು.

ಸೇರಿಸುವ ಯೋಚನೆ ಇದ್ದರೆ ಆಫೀಸಲ್ಲಿ ಕೂತು ಬ್ರೋಷರ್ ತಿರುವಬೇಡಿ, ಹತ್ತೂವರೆಗೆ ಹೋಗಿ ಕ್ಲಾಸಿನ ಕಿಟಕಿ ಹತ್ತಿರ ನಿಂತುಕೊಳ್ಳಿ. ಕಥೆ ನಡೆಯುತ್ತಿರುತ್ತದೆ, ಯಾರೂ ಬೇಡ ಅನ್ನುವುದಿಲ್ಲ.